ಎರಡೇ ಪೆಡಲಿನ ಟಿಪ್ಪರ್: ಸಂಡೂರು ಗುಡ್ಡದ ಲೋಡಿಗೆ ಸೆಮಿ ಆಟೊಮ್ಯಾಟಿಕ್ ಗೇರು ನಡೆಸುವ ಬಗೆ

ಕ್ಲಚ್ ಒತ್ತಿ ಗೇರು ಹಾಕಿಯೇ ಕೈಕಾಲು ಪಳಗಿದ ಡ್ರೈವರಿಗೆ ಎರಡೇ ಪೆಡಲಿನ ಲಾರಿ ಕೊಟ್ಟರೆ ಮೊದಲು ಕೈಕೊಡುವುದು ಎಡಗಾಲು. ಗಾಡಿಯ ವೇಗ ಇಳಿದ ಕೂಡಲೇ ಅದು ತಾನಾಗಿ ಎದ್ದು ಕ್ಲಚ್ ಹುಡುಕುತ್ತದೆ. ಅಲ್ಲಿ ಸಿಗುವುದು ಬ್ರೇಕು. ಕ್ಲಚ್ಚಿಗೆ ಹಾಕುವ ಜೋರನ್ನು ಬ್ರೇಕಿನ ಮೇಲೆ ಹಾಕಿದರೆ ಗಾಡಿ ಇದ್ದಲ್ಲೇ ಕಚ್ಚಿಕೊಳ್ಳುತ್ತದೆ, ಹಿಂದೆ ಬರುತ್ತಿರುವ ಲಾರಿಗೆ ನಿಲ್ಲಲು ಜಾಗ ಸಿಗುವುದಿಲ್ಲ. ಆದ್ದರಿಂದ ಮೊದಲ ಒಂದು ವಾರ ಎಡಗಾಲನ್ನು ಸೀಟಿನ ಬುಡಕ್ಕೆ ಎಳೆದಿಟ್ಟುಕೊಳ್ಳಿ. ಬ್ರೇಕೂ ಬಲಗಾಲಿನಲ್ಲೇ, ಆಕ್ಸಿಲೇಟರೂ ಬಲಗಾಲಿನಲ್ಲೇ.

ಎರಡನೆಯ ತಪ್ಪು ತಡವಾಗಿ ಗೊತ್ತಾಗುತ್ತದೆ, ಮಾಲೀಕರ ಜೇಬಿಗೆ ಭಾರವಾಗುತ್ತದೆ. ಪೆಡಲ್ ಇಲ್ಲ ಅಂದಮೇಲೆ ಕ್ಲಚ್ಚೂ ಇಲ್ಲ ಎಂದುಕೊಳ್ಳುವುದೇ ಆ ತಪ್ಪು. ಹಳೆಯ ಟಿಪ್ಪರಿನಲ್ಲಿದ್ದಂಥ ಒಣ ಕ್ಲಚ್ ಪ್ಲೇಟು ಇದರಲ್ಲೂ ಇದೆ. ನಿಮ್ಮ ಕಾಲು ಮಾಡುತ್ತಿದ್ದ ಕೆಲಸವನ್ನು ಗಾಳಿಯ ಸಿಲಿಂಡರ್ ಮಾಡುತ್ತದೆ, ಯಾವಾಗ ಒತ್ತಬೇಕು ಎಷ್ಟು ಬಿಡಬೇಕು ಎಂಬುದನ್ನು ಒಂದು ಸಣ್ಣ ಕಂಪ್ಯೂಟರ್ ಹೇಳುತ್ತದೆ. ಪ್ಲೇಟು ಜಾರಿದರೆ ಬಿಸಿಯಾಗುವುದು, ಸುಟ್ಟರೆ ವಾಸನೆ ಬರುವುದು ಎಲ್ಲ ಮೊದಲಿನಂತೆಯೇ. ಗಣಿಯೊಳಗಿನ ದೊಡ್ಡ ಡಂಪರುಗಳ ಮೇಲೆ ಕೆಲಸ ಮಾಡಿ ಬಂದವರು ಇಲ್ಲಿ ಇನ್ನೂ ಹೆಚ್ಚು ಎಚ್ಚರ ವಹಿಸಬೇಕು. ಅವುಗಳಲ್ಲಿ ಹೆಚ್ಚಾಗಿ ಎಂಜಿನ್ನಿಗೂ ಗೇರಿಗೂ ನಡುವೆ ಎಣ್ಣೆ ತುಂಬಿದ ಟಾರ್ಕ್ ಕನ್ವರ್ಟರ್ ಇರುತ್ತದೆ, ಆಕ್ಸಿಲೇಟರ್ ಒತ್ತಿಕೊಂಡು ಇಂಚಿಂಚಾಗಿ ತೆವಳಿದರೂ ಸಹಿಸಿಕೊಳ್ಳುತ್ತದೆ. ರೋಡಿನ ಲಾರಿಯ ಸೆಮಿ ಆಟೊಮ್ಯಾಟಿಕ್ ಅದನ್ನು ಸಹಿಸುವುದಿಲ್ಲ.

ಕೆಲವು ಹಳೆಯ ಮಾದರಿಗಳಲ್ಲಿ ಮೂರನೇ ಪೆಡಲ್ ಕೂಡ ಇರುತ್ತದೆ. ಅಲ್ಲಿ ಕ್ಲಚ್ ಬೇಕಾಗುವುದು ಹೊರಡುವಾಗ ಮತ್ತು ನಿಲ್ಲುವಾಗ ಮಾತ್ರ, ನಡುವಿನ ಗೇರುಗಳೆಲ್ಲ ತಾವಾಗಿ ಬೀಳುತ್ತವೆ. ಮುಂದೆ ಹೇಳುವುದೆಲ್ಲ ಎರಡು ಪೆಡಲಿನ ಗಾಡಿಯದು.

ಗೇರ್ ಪೆಟ್ಟಿಗೆಗೆ ಏನು ಗೊತ್ತು, ಏನು ಗೊತ್ತಿಲ್ಲ

ಭಾರಿ ಲಾರಿಗಳಲ್ಲಿ ಹೆಚ್ಚಾಗಿ ಸಿಗುವುದು 12 ಗೇರಿನ ಪೆಟ್ಟಿಗೆ. ನಡುವೆ ಮೂರು ಮೂಲ ಗೇರು, ಮುಂದೆ ಒಂದೊಂದು ಗೇರನ್ನೂ ಎರಡಾಗಿ ಸೀಳುವ ಎರಡು ಹಂತದ ಸ್ಪ್ಲಿಟ್ಟರ್, ಹಿಂದೆ ಹೈ-ಲೋ ಎಂಬ ಎರಡು ಹಂತದ ರೇಂಜ್. ಮೂರೆರಡ್ಲ ಆರು, ಆರೆರಡ್ಲ ಹನ್ನೆರಡು. 9 ಗೇರಿನ ಟಿಪ್ಪರಿನಲ್ಲಿ ಹೈ-ಲೋ ಬಳಸಿದವರಿಗೆ ಇದರ ಅರ್ಧ ಈಗಾಗಲೇ ಗೊತ್ತು. ಟಾಪ್ ಗೇರಿನಲ್ಲಿ ಒಂದಕ್ಕೆ ಒಂದು ಸುತ್ತುವ ಪೆಟ್ಟಿಗೆಯಾದರೆ, ಮೊದಲ ಗೇರಿನಲ್ಲಿ ಎಂಜಿನ್ ಸುಮಾರು 15 ಸುತ್ತು ತಿರುಗಿದಾಗ ಹಿಂದಿನ ಚಕ್ರಗಳ ಕಡೆಗೆ ಬಲ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ ಒಂದು ಸುತ್ತು ತಿರುಗುತ್ತದೆ. ಈ ಹದಿನೈದನ್ನು ಹನ್ನೊಂದು ಮೆಟ್ಟಿಲಾಗಿ ಹಂಚಿದರೆ ಒಂದೊಂದು ಮೆಟ್ಟಿಲು ಸುಮಾರು 1.28 ಪಟ್ಟು. ಅಂದರೆ 1600 ಆರ್‌ಪಿಎಂನಲ್ಲಿ ಒಂದು ಗೇರು ಮೇಲಕ್ಕೆ ಹಾಕಿದರೆ ಎಂಜಿನ್ 1250ಕ್ಕೆ ಬರುತ್ತದೆ, ಎರಡು ಗೇರು ಹಾರಿಸಿದರೆ 980ಕ್ಕೆ ಕುಸಿಯುತ್ತದೆ. ಈ ಎರಡು ಅಂಕಿ ತಲೆಯಲ್ಲಿರಲಿ, ಮುಂದೆ ಗುಡ್ಡದಲ್ಲಿ ಬೇಕಾಗುತ್ತವೆ.

ಕಂಪ್ಯೂಟರಿಗೆ ಎಂಜಿನ್ ಎಷ್ಟು ತಿರುಗುತ್ತಿದೆ, ಶಾಫ್ಟ್ ಎಷ್ಟು ತಿರುಗುತ್ತಿದೆ, ಕ್ಲಚ್ ಎಲ್ಲಿದೆ, ನೀವು ಆಕ್ಸಿಲೇಟರ್ ಎಷ್ಟು ಒತ್ತಿದ್ದೀರಿ ಎಂಬುದೆಲ್ಲ ಗೊತ್ತು. ಅದರಿಂದ ಲೋಡೂ ಏರೂ ಎಷ್ಟಿರಬಹುದು ಎಂದು ಲೆಕ್ಕ ಹಾಕಿಕೊಳ್ಳುತ್ತದೆ, ಕೆಲವದರಲ್ಲಿ ಏರಿಳಿತ ಅಳೆಯುವ ಸೆನ್ಸರ್ ಬೇರೆ ಇರುತ್ತದೆ. ಇವೆಲ್ಲ ಚಕ್ರದ ಕೆಳಗೆ ಈಗ ನಡೆಯುತ್ತಿರುವ ಸಂಗತಿ. ಮುಂದಿನ ತಿರುವಿನಾಚೆ ಇಳುಕಲಿದೆ, ಎದುರಿನ ಲಾರಿ ಉಸಿರು ಕಟ್ಟಿ ನಿಲ್ಲುವ ಹಾಗಿದೆ, ರಸ್ತೆ ಮೇಲೆ ನುಣುಪು ಕೆಂಪು ಕೆಸರಿದೆ ಎಂಬುದು ಅದಕ್ಕೆ ಕಾಣುವುದಿಲ್ಲ. ಅದನ್ನು ಮುಂಚಿತವಾಗಿ ಹೇಳುವುದೇ ಈಗ ಡ್ರೈವರಿನ ಕೆಲಸ. ಹೇಳುವ ದಾರಿ ಮೂರು: ಆಕ್ಸಿಲೇಟರ್ ಒತ್ತುವ ಬಗೆ, ಹೊಗೆಯ ದಾರಿ ಕಟ್ಟಿ ಎಂಜಿನ್ನಿನಿಂದಲೇ ಗಾಡಿ ತಡೆಯುವ ಎಕ್ಸಾಸ್ಟ್ ಬ್ರೇಕಿನ ಸ್ವಿಚ್ಚು, ಮತ್ತು ಎಂ ಎಂಬ ಮ್ಯಾನುಯಲ್ ಸ್ಥಾನ.

ಗೇರಿನ ಹಿಡಿ ಕೆಲವು ಗಾಡಿಯಲ್ಲಿ ಸೀಟಿನ ಪಕ್ಕ, ಕೆಲವದರಲ್ಲಿ ಸ್ಟೇರಿಂಗಿನ ಕೆಳಗೆ, ಇನ್ನು ಕೆಲವದರಲ್ಲಿ ಡ್ಯಾಶ್‌ಬೋರ್ಡಿನ ತಿರುಗುವ ಗುಂಡಿ. ಎಲ್ಲಿದ್ದರೂ ಸ್ಥಾನಗಳು ಅವೇ: ಆರ್ ಹಿಂದಕ್ಕೆ, ಎನ್ ನ್ಯೂಟ್ರಲ್, ಎ ಅಥವಾ ಡಿ ತಾನಾಗಿ ನಡೆಯಲು, ಎಂ ನೀವು ಹೇಳಿದಂತೆ ನಡೆಯಲು. ಜತೆಗೆ ಪ್ಲಸ್, ಮೈನಸ್.

ಎಂಜಿನ್ ಹಚ್ಚಿ ಹೊರಡುವುದು

ಹಿಡಿ ಎನ್‌ನಲ್ಲಿ, ಹ್ಯಾಂಡ್‌ಬ್ರೇಕ್ ಹಾಕಿರಬೇಕು. ಕೀ ಆನ್ ಮಾಡಿ ಡ್ಯಾಶ್‌ಬೋರ್ಡಿನ ದೀಪಗಳು ಹತ್ತಿ ಆರುವವರೆಗೆ ಕಾಯಿರಿ, ಪೆಟ್ಟಿಗೆ ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವುದು ಆಗಲೇ. ಆಮೇಲೆ ಸ್ಟಾರ್ಟ್ ಮಾಡಿ. ಕ್ಲಚ್ ಒತ್ತುವುದೂ ಗೇರು ಬದಲಿಸುವುದೂ ಗಾಳಿಯೇ ಆದ್ದರಿಂದ ಏರ್ ಮೀಟರಿನ ಎರಡೂ ಮುಳ್ಳು 7 ಬಾರ್ ದಾಟುವ ತನಕ ಗೇರು ಕೇಳಬೇಡಿ. ಬೆಳಗ್ಗೆ ಪ್ರತಿದಿನ ಗಾಳಿ ತಳ ಸೇರಿರುತ್ತದೆ ಎಂದರೆ ಎಲ್ಲೋ ಸೋರುತ್ತಿದೆ. ಹಳೆಯ ಗಾಡಿಯಲ್ಲಿ ಅದು ಬ್ರೇಕಿನ ಸಮಸ್ಯೆಯಷ್ಟೇ ಆಗಿತ್ತು, ಇದರಲ್ಲಿ ಗೇರಿನ ಸಮಸ್ಯೆಯೂ ಹೌದು.

ಬ್ರೇಕ್ ಒತ್ತಿ ಹಿಡಿದು ಎಗೆ ಹಾಕಿ. ಪರದೆಯಲ್ಲಿ ಗೇರಿನ ಅಂಕಿ ಮೂಡಿ, ಮಿನುಗುವುದು ನಿಂತಮೇಲೆ ಹ್ಯಾಂಡ್‌ಬ್ರೇಕ್ ಬಿಡಿ, ಕಾಲನ್ನು ಆಕ್ಸಿಲೇಟರಿಗೆ ತನ್ನಿ. ಅಂಕಿ ಮಿನುಗುತ್ತಿರುವಾಗಲೇ ಆಕ್ಸಿಲೇಟರ್ ತುಳಿಯುವ ಅವಸರ ಬೇಡ, ಗೇರು ಇನ್ನೂ ಕೂತಿರುವುದಿಲ್ಲ. ಆಕ್ಸಿಲೇಟರನ್ನು ಮೆತ್ತಗೆ ಒತ್ತಿ. ಕ್ಲಚ್ ಹಿಡಿದುಕೊಂಡದ್ದು ಸೀಟಿಗೇ ಗೊತ್ತಾಗುತ್ತದೆ, ಆಮೇಲೆ ಬೇಕಾದಷ್ಟು ಕೊಡಿ.

ಯಾವ ಗೇರಿನಲ್ಲಿ ಹೊರಡಬೇಕು? ಪೆಟ್ಟಿಗೆ ತಾನೇ ಆರಿಸುತ್ತದೆ, ನೀವು ಪ್ಲಸ್ ಮೈನಸ್ ಒತ್ತಿ ಬದಲಿಸಬಹುದು. ಖಾಲಿ ಗಾಡಿ, ಸಮ ರಸ್ತೆ ಆದರೆ 3 ಅಥವಾ 4 ಸಾಕು. ಒಟ್ಟು 35 ಟನ್ ತೂಗುವ 12 ಚಕ್ರದ ಗಾಡಿಗೆ ಸಮ ನೆಲದಲ್ಲಿ 2, ಏರಿನಲ್ಲಿ 1. ಬೇಗ ಓಡಲಿ ಎಂದು ಲೋಡಿನ ಗಾಡಿಯನ್ನು 4ರಲ್ಲಿ ಎಳೆದು ಹೊರಡಿಸುವವರಿದ್ದಾರೆ. ಹೊರಡುವಾಗ ಪ್ಲೇಟಿನಲ್ಲಿ ಹುಟ್ಟುವ ಬಿಸಿ, ಕ್ಲಚ್ ಪೂರ್ತಿ ಹಿಡಿಯುವ ಹೊತ್ತಿಗೆ ಗಾಡಿ ಮುಟ್ಟಿದ ವೇಗದ ವರ್ಗದಂತೆ ಬೆಳೆಯುತ್ತದೆ. 1ರಿಂದ 4ಕ್ಕೆ ಮೂರು ಮೆಟ್ಟಿಲು, ವೇಗ ಎರಡು ಪಟ್ಟಿಗೆ ತುಸು ಹೆಚ್ಚು, ಬಿಸಿ ನಾಲ್ಕು ಪಟ್ಟಿಗೂ ಮೇಲೆ. ದಿನಕ್ಕೆ ನೂರು ಸಲ ನಿಂತು ಹೊರಡುವ ಗಾಡಿಯ ಪ್ಲೇಟು ಎಷ್ಟು ಬೇಗ ಸವೆಯುತ್ತದೆ ಎಂಬುದಕ್ಕೆ ಇಷ್ಟು ಲೆಕ್ಕ ಸಾಕು.

ಏರಿನಲ್ಲಿ ಹೊರಡಲು ಹಿಲ್ ಹೋಲ್ಡ್ ಸ್ವಿಚ್ ಇದ್ದರೆ ಅದನ್ನು ಹಾಕಿ, ಬ್ರೇಕನ್ನು ದೀಪ ಹತ್ತುವ ತನಕ ಗಟ್ಟಿಯಾಗಿ ಒತ್ತಿ, ಕಾಲು ತೆಗೆದು ಆಕ್ಸಿಲೇಟರ್ ಕೊಡಿ, ಎಳೆತ ಸಿಕ್ಕಾಗ ಬ್ರೇಕು ತಾನಾಗಿ ಬಿಡುತ್ತದೆ. ಸ್ವಿಚ್ ಇಲ್ಲದಿದ್ದರೆ ಹ್ಯಾಂಡ್‌ಬ್ರೇಕ್ ಹಾಕಿಕೊಂಡೇ 1ನೇ ಗೇರಿನಲ್ಲಿ ಆಕ್ಸಿಲೇಟರ್ ಕೊಟ್ಟು, ಮೂತಿ ಒಂದಿಷ್ಟು ಎದ್ದಾಗ ಹ್ಯಾಂಡ್‌ಬ್ರೇಕ್ ಬಿಡಿ. ಆಕ್ಸಿಲೇಟರಿನಲ್ಲೇ ಗಾಡಿಯನ್ನು ಏರಿನಲ್ಲಿ ನಿಲ್ಲಿಸಿಕೊಂಡು ನಿಂತರೆ ಪ್ಲೇಟು ನಿಂತಲ್ಲೇ ಉಜ್ಜುತ್ತಿರುತ್ತದೆ. ಅರ್ಧ ನಿಮಿಷಕ್ಕೇ ವಾಸನೆ ಬಂದೀತು.

ಕಾಟಾದ ಸಾಲಿನಲ್ಲಿ

ಕ್ಲಚ್ ಹೆಚ್ಚು ಸಾಯುವುದು ಗುಡ್ಡದಲ್ಲಿ ಎಂದು ಅನ್ನಿಸಬಹುದು. ಅದಕ್ಕಿಂತ ಹೆಚ್ಚು ಸಾಯುವುದು ಲಾರಿ ತೂಗುವ ಕಾಟಾದ ಮುಂದಿನ ಸಾಲಿನಲ್ಲಿ. ತೋರಣಗಲ್ಲಿನ ಕಾರ್ಖಾನೆ ಗೇಟಿರಲಿ, ಶಕ್ತಿನಗರದ ಹಾರುಬೂದಿಯ ಬಲ್ಕರ್ ಸಾಲಿರಲಿ, ಕಾರಟಗಿಯ ರೈಸ್‌ಮಿಲ್ಲಿನ ಮುಂದಿರಲಿ, ಮುಂದಿನ ಲಾರಿ ಹತ್ತಡಿ ಸರಿಯಿತೆಂದು ನೀವೂ ಹತ್ತಡಿ ಸರಿದರೆ ಪ್ಲೇಟು ಪೂರ್ತಿ ಹಿಡಿದುಕೊಳ್ಳುವ ಮೊದಲೇ ಮತ್ತೆ ಬಿಡಬೇಕಾಗುತ್ತದೆ. ಇಡೀ ಹತ್ತಡಿ ಜಾರಿಕೆಯಲ್ಲೇ ಮುಗಿಯುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟಿದ ಮಧ್ಯಾಹ್ನ ಆ ಬಿಸಿಗೆ ಆರಲು ಎಡೆಯೇ ಇಲ್ಲ.

ಮುಂದಿನ ಲಾರಿಗೂ ನಿಮಗೂ 15–20 ಮೀಟರ್ ಜಾಗ ಬಿಡುವವರೆಗೆ ಕಾಯಿರಿ. ನಡುವೆ ಯಾರೂ ನುಗ್ಗದ ಹಾಗೆ ಗಾಡಿ ನಿಲ್ಲಿಸಿಕೊಳ್ಳುವುದು ನಿಮ್ಮ ಜಾಣತನ. ಎಂಗೆ ಹಾಕಿ 1ನೇ ಗೇರು ಹಿಡಿದು, ಆಕ್ಸಿಲೇಟರನ್ನು ಮುಟ್ಟಿದಂತೆ ಮಾಡಿ ಬಿಡಿ. ಪ್ಲೇಟು ಪೂರ್ತಿ ಹಿಡಿದಮೇಲೆ ಎಂಜಿನ್ 600 ಆರ್‌ಪಿಎಂ ಸುಮಾರಿನ ಐಡ್ಲಿಂಗಿನಲ್ಲೇ ಗಾಡಿಯನ್ನು ಗಂಟೆಗೆ ಎರಡು ಕಿಲೋಮೀಟರ್ ಆಸುಪಾಸಿನಲ್ಲಿ ಎಳೆದುಕೊಂಡು ಹೋಗುತ್ತದೆ. ಮನುಷ್ಯ ನಡೆಯುವುದಕ್ಕಿಂತ ನಿಧಾನ, ಒಂದಿಷ್ಟೂ ಜಾರಿಕೆ ಇಲ್ಲ. ಒಂದು ನಿಮಿಷಕ್ಕಿಂತ ಹೆಚ್ಚು ನಿಲ್ಲುವುದಾದರೆ ಎನ್‌ಗೆ ತಂದು ಹ್ಯಾಂಡ್‌ಬ್ರೇಕ್ ಹಾಕಿ. ಗೇರಿನಲ್ಲೇ ನಿಂತರೆ ಪೆಟ್ಟಿಗೆ ಕ್ಲಚ್ಚನ್ನು ಒತ್ತಿಯೇ ಹಿಡಿದಿರುತ್ತದೆ, ಬೇರಿಂಗು ಸುಮ್ಮನೆ ಸವೆಯುತ್ತದೆ.

ಕ್ಲಚ್ ಬಿಸಿಯಾದ ಎಚ್ಚರಿಕೆ ಪರದೆಯ ಮೇಲೆ ಬಂದು ಬಜ಼ರ್ ಹೊಡೆಯಿತು ಎನ್ನಿ. ಗಾಡಿ ಪಕ್ಕಕ್ಕೆ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಹಾಕಿ, ಎನ್‌ಗೆ ತನ್ನಿ, ಎಂಜಿನ್ ಆರಿಸಬೇಡಿ. ನ್ಯೂಟ್ರಲಿನಲ್ಲಿ ಪ್ಲೇಟು ಜಾರದೆ ಎಂಜಿನ್ನಿನ ಜತೆ ತಿರುಗುತ್ತ ಒಳಗೆ ಗಾಳಿ ಆಡಿಸುತ್ತದೆ. ಹತ್ತು ಹದಿನೈದು ನಿಮಿಷ ಬೇಕು. ಎಂಜಿನ್ ಆರಿಸಿ ಹೋಗಿ ಚಹಾ ಕುಡಿದರೆ ಬಿಸಿ ಒಳಗೇ ಕೂತು ಪ್ಲೇಟು, ಫ್ಲೈವೀಲು ಎರಡನ್ನೂ ಕೆಡಿಸುತ್ತದೆ.

ಗಣಿಯಿಂದ ಮೇಲೆ

ಹಳ್ಳದಂಥ ಗಣಿಯ ತಳದಿಂದ ಅಂಚಿಗೆ ಬರುವ ರ‍್ಯಾಂಪಿನಲ್ಲಿ ನೂರು ಅಡಿಗೆ ಹತ್ತು ಅಡಿ ಏರಿಕೆ ಸಿಗುವುದುಂಟು. ಇಲ್ಲಿ ಎ ಸ್ಥಾನವನ್ನು ನಂಬಿದರೆ ಗಾಡಿ ಜೋಲಿ ಹೊಡೆಯುತ್ತದೆ. ಕಾರಣ ಹೀಗೆ. ಲೋಡಿನ ಗಾಡಿ 10 ಕಿ.ಮೀ. ವೇಗದಲ್ಲಿ ಏರುತ್ತಿದೆ, ಆರ್‌ಪಿಎಂ ಮೇಲಕ್ಕೆ ಬಂತೆಂದು ಪೆಟ್ಟಿಗೆ ಒಂದು ಗೇರು ಮೇಲಕ್ಕೆ ಹಾಕಲು ಕ್ಲಚ್ ಒತ್ತುತ್ತದೆ. ಗೇರು ಬದಲಾಗಲು ಒಂದು ಸೆಕೆಂಡ್ ಹಿಡಿಯಿತು ಎಂದುಕೊಳ್ಳಿ. ಆ ಒಂದು ಸೆಕೆಂಡ್ ಎಳೆತವಿಲ್ಲ, ಗುಡ್ಡ ಮಾತ್ರ ಹಿಂದಕ್ಕೆ ಎಳೆಯುತ್ತಿದೆ. ಶೇ. 10ರ ಏರಿನಲ್ಲಿ ಒಂದು ಸೆಕೆಂಡಿಗೆ ಸುಮಾರು 4 ಕಿ.ಮೀ. ವೇಗ ಹೋಗುತ್ತದೆ. 10ರಿಂದ 6ಕ್ಕೆ ಬಿದ್ದ ವೇಗ ಎಂದರೆ ಹಿಂದೆ ಹೇಳಿದ ಮೆಟ್ಟಿಲಿನಲ್ಲಿ ಎರಡು ಗೇರು ಕೆಳಗೆ. ಒಂದು ಮೇಲೆ ಹಾಕಲು ಹೋಗಿ ಎರಡು ಕೆಳಗೆ ಹುಡುಕಬೇಕಾಯಿತು. ಮತ್ತೆ ಕ್ಲಚ್ ಒತ್ತಬೇಕು, ಮತ್ತೆ ವೇಗ ಹೋಗಬೇಕು. ಕೊನೆಗೆ ಗಾಡಿ ನಡು ಏರಿನಲ್ಲಿ ನಿಲ್ಲುತ್ತದೆ.

ಆದ್ದರಿಂದ ರ‍್ಯಾಂಪಿನ ಬುಡದಲ್ಲಿ, ಏರು ಶುರುವಾಗುವ 30–40 ಮೀಟರ್ ಮುಂಚೆಯೇ ಎಂಗೆ ಹಾಕಿ, ಪೂರ್ತಿ ಏರನ್ನು ಎಳೆಯಬಲ್ಲ ಗೇರನ್ನು ಮೊದಲೇ ಆರಿಸಿಕೊಳ್ಳಿ. ಲೋಡಿಗೆ ಅದು 2 ಅಥವಾ 3 ಇರುತ್ತದೆ. ಏರಿನ ನೆತ್ತಿ ಮುಟ್ಟುವವರೆಗೆ ಗೇರನ್ನು ಮುಟ್ಟಬೇಡಿ. ಆಕ್ಸಿಲೇಟರನ್ನು ಒಂದೇ ಮಟ್ಟದಲ್ಲಿಡಿ. ಎಂಜಿನ್ 1100ಕ್ಕಿಂತ ಕೆಳಗೆ ಬೀಳುತ್ತಿದೆ ಎನಿಸಿದರೆ ಮಾತ್ರ ಒಂದು ಮೈನಸ್, ಅದೂ ಬಿದ್ದು ಮುಗಿಯುವ ಮೊದಲು. 900ಕ್ಕೆ ಬಂದಮೇಲೆ ಕೇಳಿದರೆ ತಡವಾಯಿತು.

ರಾಷ್ಟ್ರೀಯ ಹೆದ್ದಾರಿ 67ರಲ್ಲಾಗಲಿ, ಕುಷ್ಟಗಿ ಮೇಲೆ ಹೋಗುವ 50ರಲ್ಲಾಗಲಿ ಇಷ್ಟು ಕಷ್ಟವಿಲ್ಲ. ಉದ್ದನೆಯ ಸಣ್ಣ ಏರುಗಳಿಗೆ ಎ ಸಾಕು, ಆಕ್ಸಿಲೇಟರನ್ನು ಮುಕ್ಕಾಲು ಭಾಗ ಒತ್ತಿದರೆ ಪೆಟ್ಟಿಗೆ 1000ದಿಂದ 1500ರ ಹಸಿರು ಪಟ್ಟಿಯಲ್ಲೇ ನಡೆಸುತ್ತದೆ. ಪೂರ್ತಿ ತಳಕ್ಕೆ ತುಳಿದರೆ ಕಿಕ್‌ಡೌನ್ ಆಗಿ ಕೆಳಗಿನ ಗೇರು ಬೀಳುತ್ತದೆ, ಡೀಸೆಲ್ ಹೆಚ್ಚು ಕುಡಿಯುತ್ತದೆ. ಓವರ್‌ಟೇಕಿಗೆ ಮಾತ್ರ ಅದನ್ನು ಇಟ್ಟುಕೊಳ್ಳಿ. ಇನ್ನೊಂದು ಮಾತು: 35 ಟನ್ನಿಗೆ 250 ಕುದುರೆಶಕ್ತಿಯ ಎಂಜಿನ್ ಇದ್ದರೆ, ನೂರಕ್ಕೆ ಆರೇಳು ಅಡಿಯ ಏರಿನಲ್ಲಿ 20–25 ಕಿ.ಮೀ. ವೇಗವೇ ಅದರ ಮಿತಿ. ಎಷ್ಟು ತುಳಿದರೂ ಹೆಚ್ಚಾಗದು, ಗೇರು ಕೆಟ್ಟಿದೆ ಎಂದು ಮೇಸ್ತ್ರಿಯ ಬಳಿ ಓಡಬೇಕಿಲ್ಲ.

ಲೋಡು ಇಳಿಯುವ ದಾರಿ

ಸಂಡೂರಿನ ಅದಿರು ಇರುವುದು ಗುಡ್ಡದ ನೆತ್ತಿಯಲ್ಲಿ. ದೋಣಿಮಲೈ ಇರಲಿ, ಕುಮಾರಸ್ವಾಮಿ ಗುಡ್ಡವಿರಲಿ, ಗಾಡಿ ಖಾಲಿಯಾಗಿ ಏರುತ್ತದೆ, ತುಂಬಿಕೊಂಡು ಇಳಿಯುತ್ತದೆ. ಪಶ್ಚಿಮ ಘಟ್ಟದ ರಸ್ತೆಗಳಲ್ಲಿ ಲೋಡು ಎರಡೂ ಕಡೆಗೆ ಓಡಾಡುತ್ತದೆ, ನಮ್ಮಲ್ಲಿ ದಿನದ ಪ್ರತಿ ಟ್ರಿಪ್ಪೂ ಲೋಡಿನ ಇಳುಕಲು. ಸೆಮಿ ಆಟೊಮ್ಯಾಟಿಕ್ ಗಾಡಿಯಲ್ಲಿ ಕಲಿಯಲೇಬೇಕಾದದ್ದು ಯಾವುದಾದರೂ ಒಂದಿದ್ದರೆ ಇದೇ.

35 ಟನ್ ಗಾಡಿ ಶೇ. 6ರ ಇಳುಕಲಿನಲ್ಲಿ 30 ಕಿ.ಮೀ. ವೇಗ ಹೆಚ್ಚಾಗದಂತೆ ಇಳಿಯಬೇಕಾದರೆ ಸುಮಾರು 190 ಕುದುರೆಶಕ್ತಿಯಷ್ಟು ಬಿಸಿಯನ್ನು ಬಿಡುವಿಲ್ಲದೆ ಎಲ್ಲಾದರೂ ಕಳೆಯುತ್ತಿರಬೇಕು. ಅದು ಎಂಜಿನ್ನಿನ ಮೂಲಕ ಹೋಗಬೇಕು, ಇಲ್ಲವೇ ಬ್ರೇಕ್ ಲೈನರಿನ ಮೂಲಕ. ಲೈನರಿನ ಮೂಲಕ ಹೋದರೆ ಕೆಲವೇ ನಿಮಿಷದಲ್ಲಿ ಡ್ರಮ್ಮು ಕಾದು ಬ್ರೇಕು ಹಿಡಿಯುವುದು ನಿಲ್ಲುತ್ತದೆ. ವೇಗ 15ಕ್ಕೆ ಇಳಿಸಿದರೆ ಆ 190 ಅರ್ಧವಾಗುತ್ತದೆ. ನಿಧಾನ ಇಳಿಯಿರಿ ಎಂಬ ಬೋರ್ಡಿನ ಹಿಂದಿರುವುದು ಈ ಲೆಕ್ಕ.

ಇಳುಕಲಿನ ನೆತ್ತಿಯಲ್ಲಿ, ಮೂತಿ ಕೆಳಗಾಗುವ ಮೊದಲು, ಗಾಡಿಯನ್ನು 15–20 ಕಿ.ಮೀ.ಗೆ ತನ್ನಿ. ಎಂಗೆ ಹಾಕಿ ಗೇರು ಆರಿಸಿ. 20 ಕಿ.ಮೀ. ವೇಗದಲ್ಲಿ ಎಂಜಿನ್ 1800ರಿಂದ 2200ರ ನಡುವೆ ಇರುವ ಗೇರು ಬೇಕು. 12 ಗೇರಿನ ಪೆಟ್ಟಿಗೆಯಲ್ಲಿ ಸಾಮಾನ್ಯವಾಗಿ ಅದು 5 ಅಥವಾ 6. ಕಡಿದಾದ ಗಣಿ ರಸ್ತೆಗೆ ಇನ್ನೂ ಒಂದೆರಡು ಕಡಿಮೆ. ಕೆಲವು ಮೀಟರಿನಲ್ಲಿ ನೀಲಿ ಪಟ್ಟಿ ಇರುತ್ತದೆ, ಎಂಜಿನ್ ಬ್ರೇಕಿಗೆ ಬೇಕಾದ ಆರ್‌ಪಿಎಂ ಅದೇ. ಎಕ್ಸಾಸ್ಟ್ ಬ್ರೇಕ್ ಹಾಕಿ, ಅದು ಹಿಡಿಯುತ್ತಿದೆಯೇ ಎಂದು ಸಮ ನೆಲದಲ್ಲೇ ನೋಡಿಕೊಂಡು ಇಳಿಯಿರಿ. ಎಂಜಿನ್ ತಗ್ಗಿನ ಆರ್‌ಪಿಎಂನಲ್ಲಿದ್ದರೆ ಎಕ್ಸಾಸ್ಟ್ ಬ್ರೇಕು ಹೆಸರಿಗಷ್ಟೇ. ಅದಕ್ಕೆ ಬಲ ಬರುವುದು ಎಂಜಿನ್ ಜೋರಾಗಿ ತಿರುಗುವಾಗ.

ನಡು ಇಳುಕಲಿನಲ್ಲಿ ಗೇರು ಇಳಿಸಿಕೊಳ್ಳೋಣ ಎಂದುಕೊಂಡವರಿಗೆ ಪೆಟ್ಟಿಗೆ ಕೊಡುವ ಉತ್ತರ ಒಂದು ಬೀಪ್. ವೇಗ ಹೆಚ್ಚಿರುವಾಗ ಕೆಳಗಿನ ಗೇರು ಹಾಕಿದರೆ ಎಂಜಿನ್ ಕೆಂಪು ಪಟ್ಟಿ ದಾಟುತ್ತದೆ ಎಂದು ಅದು ನಿರಾಕರಿಸುತ್ತದೆ. ಮೈನಸ್ ಮತ್ತೆ ಮತ್ತೆ ಒತ್ತಿ ಕೂರಬೇಡಿ. ಕಾಲಿನ ಬ್ರೇಕನ್ನು ಗಟ್ಟಿಯಾಗಿ ಒತ್ತಿ ವೇಗ ಇಳಿಸಿ, ಆಮೇಲೆ ಮೈನಸ್ ಒತ್ತಿ, ಗೇರು ಬಿದ್ದು ಎಂಜಿನ್ನಿನ ಸದ್ದು ಏರಿದಮೇಲೆ ಬ್ರೇಕು ಬಿಡಿ. ಗೇರು ಬದಲಾಗುವ ಕ್ಷಣದಲ್ಲಿ ಎಂಜಿನ್ನಿನ ಹಿಡಿತ ಇರುವುದಿಲ್ಲ, ಕಾಲು ಬ್ರೇಕಿನ ಮೇಲೇ ಇರಬೇಕು.

ಎ ಸ್ಥಾನದಲ್ಲೇ ಇಳಿದರೆ? ಎಕ್ಸಾಸ್ಟ್ ಬ್ರೇಕ್ ಹಾಕಿದ್ದರೆ ಹೆಚ್ಚಿನ ಪೆಟ್ಟಿಗೆಗಳು ತಾವಾಗಿ ಗೇರು ಇಳಿಸಿ ಹಿಡಿತ ಕೊಡುತ್ತವೆ. ಹಾಕದಿದ್ದರೆ ಎಂಜಿನ್ ಉಳಿಸಿಕೊಳ್ಳಲು ಗೇರನ್ನು ಮೇಲಕ್ಕೆ ಹಾಕಬಹುದು, ಗಾಡಿ ಕೈಬಿಟ್ಟಂತೆ ಓಡತೊಡಗುತ್ತದೆ. ಎಂನಲ್ಲಿ ಪೆಟ್ಟಿಗೆ ನಿಮ್ಮ ಗೇರನ್ನೇ ಹಿಡಿದಿರುತ್ತದೆ. ಹಾಗಾಗಿ ಅಲ್ಲಿ ಆರ್‌ಪಿಎಂ ಕೆಂಪಿಗೆ ಹೋಗದಂತೆ ನೋಡುವ ಹೊಣೆ ನಿಮ್ಮದು. ವೇಗ 20 ದಾಟಿದಾಗ ಬ್ರೇಕನ್ನು ಗಟ್ಟಿಯಾಗಿ ಒತ್ತಿ 15ಕ್ಕೆ ತಂದು ಪೂರ್ತಿ ಬಿಡಿ, ಡ್ರಮ್ಮಿಗೆ ಆರಲು ಹೊತ್ತು ಸಿಗಲಿ. ಉದ್ದಕ್ಕೂ ಮೆಲ್ಲಗೆ ಒತ್ತಿಕೊಂಡೇ ಇಳಿಯುವುದು ಲೈನರನ್ನು ಸುಡುವ ಅಭ್ಯಾಸ.

ಡೀಸೆಲ್ ಉಳಿಸಲು ಸಣ್ಣ ಇಳಿಜಾರಿನಲ್ಲಿ ತಾನಾಗಿ ನ್ಯೂಟ್ರಲಿಗೆ ಹೋಗುವ ವ್ಯವಸ್ಥೆ ಕೆಲವು ಗಾಡಿಗಳಲ್ಲಿದೆ, ಇಕೊ ರೋಲ್ ಎನ್ನುತ್ತಾರೆ. ಗುಡ್ಡದಲ್ಲಿ ಅದನ್ನು ಸ್ವಿಚ್ಚಿನಿಂದ ಬಂದ್ ಮಾಡಿ. ಕೈಯಿಂದ ಎನ್‌ಗೆ ಹಾಕಿ ಜಾರಿಸುವುದಂತೂ ಯಾವ ಇಳುಕಲಿನಲ್ಲೂ ಬೇಡ. ಒಮ್ಮೆ ವೇಗ ಹಿಡಿದರೆ ಪೆಟ್ಟಿಗೆ ಗೇರು ವಾಪಸ್ ಕೊಡುವ ಖಾತ್ರಿ ಇಲ್ಲ. ಮಳೆ ಬಿದ್ದು ಅದಿರು ಧೂಳು ಜಾರು ಬೆಣ್ಣೆಯಾದ ದಿನ, ಖಾಲಿ ಗಾಡಿಯಲ್ಲಿ ಎಕ್ಸಾಸ್ಟ್ ಬ್ರೇಕನ್ನು ಕಡಿಮೆ ಹಂತಕ್ಕೆ ತನ್ನಿ, ಹಿಂದಿನ ಚಕ್ರ ಕಚ್ಚಿ ಗಾಡಿ ಅಡ್ಡ ತಿರುಗಬಹುದು.

ಎರೆ ನೆಲ, ಟಿಪ್ಪಿಂಗು

ಸಿಂಧನೂರು, ಗಂಗಾವತಿ ಕಡೆ ಭತ್ತ ತುಂಬಲು ಎರೆ ಹೊಲದ ಅಂಚಿಗೆ ಇಳಿದರೆ, ಒಂದು ಮಳೆ ಸಾಕು ಗಾಡಿ ಕೂರಲು. ಎ ಸ್ಥಾನದಲ್ಲಿ ಚಕ್ರ ಜಾರಿದ್ದನ್ನು ಪೆಟ್ಟಿಗೆ ವೇಗ ಎಂದು ತಿಳಿದು ಗೇರು ಮೇಲಕ್ಕೆ ಹಾಕಬಹುದು. ಎಂಗೆ ಹಾಕಿ 2ನೇ ಗೇರು ಹಿಡಿಯಿರಿ, 1ರಲ್ಲಿ ಎಳೆತ ಜಾಸ್ತಿಯಾಗಿ ಚಕ್ರ ತಿರುಗಿ ಗುಂಡಿ ತೋಡುತ್ತದೆ. ಎರಡೂ ಕಡೆಯ ಚಕ್ರವನ್ನು ಒಟ್ಟಿಗೆ ತಿರುಗಿಸುವ ಡಿಫರೆನ್ಷಿಯಲ್ ಲಾಕನ್ನು ಗಾಡಿ ನಿಂತಿದ್ದಾಗಲೇ ಹಾಕಬೇಕು, ತಿರುಗುತ್ತಿರುವ ಚಕ್ರದ ಮೇಲೆ ಹಾಕಿದರೆ ಹಲ್ಲು ಮುರಿಯುತ್ತದೆ. ಗಟ್ಟಿ ನೆಲಕ್ಕೆ ಬಂದ ಕೂಡಲೇ, ಸ್ಟೇರಿಂಗ್ ತಿರುಗಿಸುವ ಮೊದಲು ತೆಗೆಯಿರಿ. ಹಿಂದೆ ಮುಂದೆ ತೂಗಾಡಿಸಿ ಎಬ್ಬಿಸುವ ಹಳೆಯ ಉಪಾಯ ಇಲ್ಲಿ ಕಷ್ಟ. ಆರ್‌ನಿಂದ ಎಗೆ ಹೋಗಲು ಗಾಡಿ ಪೂರ್ತಿ ನಿಲ್ಲಬೇಕು. ಎರಡು ಮೂರು ಸಲಕ್ಕೆ ಏಳದಿದ್ದರೆ ಚಕ್ರದ ಮುಂದೆ ಹೊಟ್ಟಿನ ಚೀಲವೋ ಕಲ್ಲೋ ಹಾಕಿ, ಕ್ಲಚ್ಚನ್ನು ಬಲಿ ಕೊಡಬೇಡಿ.

ಟಿಪ್ಪಿಂಗಿಗೆ ಗಾಡಿ ನಿಲ್ಲಿಸಿ, ಎನ್, ಹ್ಯಾಂಡ್‌ಬ್ರೇಕ್, ಆಮೇಲೆ ಬಾಡಿ ಎತ್ತುವ ಪಂಪಿಗೆ ಎಂಜಿನ್ನಿನ ಬಲ ಕೊಡುವ ಪಿಟಿಓ ಸ್ವಿಚ್. ಪೆಟ್ಟಿಗೆ ಕ್ಲಚ್ ಒತ್ತಿ ಬಿಟ್ಟು ದೀಪ ಹತ್ತಲು ಎರಡು ಮೂರು ಸೆಕೆಂಡ್ ಬೇಕು, ಅಷ್ಟರೊಳಗೆ ಆಕ್ಸಿಲೇಟರ್ ಬೇಡ. ಬಾಡಿ ಕೆಳಗಿಳಿದು ಪಿಟಿಓ ದೀಪ ಆರಿದಮೇಲೆ ಮಾತ್ರ ಗೇರು. ಪಿಟಿಓ ಹಾಕಿಕೊಂಡೇ ರಸ್ತೆಗೆ ಬಂದರೆ ಪಂಪು ಹೋಗುತ್ತದೆ.

ನಿಲ್ಲಿಸುವಾಗ

ಗೇರಿನಲ್ಲಿ ಬಿಟ್ಟು ನಿಲ್ಲಿಸುವುದು ಹಳೆಯ ಡ್ರೈವರುಗಳ ಒಳ್ಳೆಯ ರೂಢಿ. ಇಲ್ಲಿ ಅದು ಕೆಲಸ ಮಾಡುವುದಿಲ್ಲ. ಕೀ ತೆಗೆದಾಗ ಬಹುತೇಕ ಪೆಟ್ಟಿಗೆಗಳು ತಾವಾಗಿ ನ್ಯೂಟ್ರಲಿಗೆ ಹೋಗುತ್ತವೆ, ಗಾಡಿಯನ್ನು ಹಿಡಿದಿರುವುದು ಹ್ಯಾಂಡ್‌ಬ್ರೇಕಿನ ಸ್ಪ್ರಿಂಗು ಮಾತ್ರ. ಗುಡ್ಡದಲ್ಲಿ ನಿಲ್ಲಿಸಿದರೆ ಹಿಂದಿನ ಚಕ್ರಕ್ಕೆ ಕಲ್ಲಾಗಲಿ ಮರದ ತುಂಡಾಗಲಿ ಇಡದೆ ಕೆಳಗಿಳಿಯಬೇಡಿ. ಮುಂದೆ ಹೊರಡುವಾಗ ಆ ಕಲ್ಲನ್ನು ರಸ್ತೆ ಮೇಲೆ ಬಿಟ್ಟು ಹೋಗಬೇಡಿ, ರಾತ್ರಿ ಬೈಕಿನವರು ಅದಕ್ಕೆ ಬೀಳುತ್ತಾರೆ. ಕೀ ತೆಗೆದ ಮೇಲೆ ಎರಡು ನಿಮಿಷ ಬಿಟ್ಟು ಬ್ಯಾಟರಿ ಸ್ವಿಚ್ ಬಂದ್ ಮಾಡಿ. ಪೆಟ್ಟಿಗೆಯ ಕಂಪ್ಯೂಟರ್ ಕಲಿತದ್ದನ್ನು ಬರೆದಿಟ್ಟುಕೊಳ್ಳುವುದೂ, ಬಿಎಸ್-6 ಗಾಡಿಯಲ್ಲಿ ಯೂರಿಯಾ ಪೈಪು ಖಾಲಿಯಾಗುವುದೂ ಆ ಹೊತ್ತಿನಲ್ಲೇ.

ಗೇರು ಬೀಳದಿದ್ದರೆ

ಮೇಸ್ತ್ರಿಗೆ ಫೋನು ಮಾಡುವ ಮೊದಲು ನೀವೇ ನೋಡಬಹುದಾದ್ದು ಸಾಕಷ್ಟಿದೆ. ಗಾಳಿ ಎಷ್ಟಿದೆ? ಬ್ಯಾಟರಿ ವೋಲ್ಟೇಜ್ ಎಷ್ಟು? 24 ವೋಲ್ಟಿನ ಗಾಡಿಯಲ್ಲಿ 22ರ ಕೆಳಗೆ ಬಂದರೆ ಪೆಟ್ಟಿಗೆ ಹಟ ಹಿಡಿಯುತ್ತದೆ. ಬ್ರೇಕ್ ಒತ್ತಿದಾಗ ಹಿಂದಿನ ಕೆಂಪು ದೀಪ ಹತ್ತುತ್ತದೆಯೇ? ಹತ್ತದಿದ್ದರೆ ಬ್ರೇಕ್ ಸ್ವಿಚ್ ಅಥವಾ ಫ್ಯೂಸ್ ಹೋಗಿರಬಹುದು, ಬ್ರೇಕ್ ಒತ್ತಿದ್ದು ಪೆಟ್ಟಿಗೆಗೆ ತಿಳಿಯುವುದೇ ಇಲ್ಲ, ಗೇರು ಕೊಡುವುದಿಲ್ಲ. ಪಿಟಿಓ ದೀಪ ಹತ್ತಿಯೇ ಇದೆಯೇ? ಇವೆಲ್ಲ ಸರಿ ಇದ್ದರೆ ಗಾಡಿ ನಿಲ್ಲಿಸಿ, ಕೀ ತೆಗೆದು, ಎರಡು ನಿಮಿಷ ಕಾದು ಮತ್ತೆ ಹಚ್ಚಿ. ಆಮೇಲೂ ಕೆಲವೇ ಗೇರಿನಲ್ಲಿ ಓಡುತ್ತಿದ್ದರೆ ಅದು ಪೆಟ್ಟಿಗೆ ತನ್ನನ್ನು ಕಾಪಾಡಿಕೊಳ್ಳುವ ಬಗೆ. ಹತ್ತಿರದ ವರ್ಕ್‌ಶಾಪಿಗೆ ನಿಧಾನ ಹೋಗಿ, ಆ ಸ್ಥಿತಿಯಲ್ಲಿ ಲೋಡು ಇಟ್ಟುಕೊಂಡು ಗುಡ್ಡ ಇಳಿಯಬೇಡಿ.

ಹೊರಡುವಾಗ ಗಾಡಿ ನಡುಗುತ್ತಿದ್ದರೆ ಪ್ಲೇಟು ಸುಟ್ಟಿರಬಹುದು, ಎಣ್ಣೆ ಬಿದ್ದಿರಬಹುದು, ಇಲ್ಲವೇ ಹೊಸ ಪ್ಲೇಟು ಹಾಕಿದ ಮೇಲೆ ಕಲಿಸುವ ಕೆಲಸ ಮಾಡದೆ ಬಿಟ್ಟಿರಬಹುದು. ಪ್ಲೇಟು ಬದಲಾದಾಗ ಅದು ಎಲ್ಲಿ ಹಿಡಿಯುತ್ತದೆ ಎಂಬುದನ್ನು ಲ್ಯಾಪ್‌ಟಾಪ್ ಹಚ್ಚಿ ಕಂಪ್ಯೂಟರಿಗೆ ಕಲಿಸಲೇಬೇಕು. ರಸ್ತೆ ಬದಿಯಲ್ಲಿ ಪ್ಲೇಟು ಹಾಕಿಸಿದರೆ ಈ ಕೆಲಸ ತಪ್ಪಿಹೋಗುವುದೇ ಹೆಚ್ಚು. ಕೇಳಿ ಮಾಡಿಸಿಕೊಳ್ಳಿ.

ಕೆಂಪು ಧೂಳು, ನೀರು, ವೆಲ್ಡಿಂಗು

ಗಾಳಿಯ ಜತೆ ಬರುವ ತೇವ ಗೇರಿನ ವಾಲ್ವುಗಳಿಗೆ ಶತ್ರು. ಟ್ಯಾಂಕಿನ ಕೆಳಗಿನ ವಾಲ್ವನ್ನು ವಾರಕ್ಕೊಮ್ಮೆಯಾದರೂ ಎಳೆದು ನೋಡಿ. ಬರೀ ಗಾಳಿ ಬಂದರೆ ಸರಿ, ನೀರೋ ಎಣ್ಣೆ ಮಿಶ್ರ ಕೆಸರೋ ಬಂದರೆ ಏರ್ ಡ್ರೈಯರಿನ ಡಬ್ಬಿ ಬದಲಿಸುವ ಕಾಲ ಬಂದಿದೆ. ಗಣಿಯ ಧೂಳಿನಲ್ಲಿ ಓಡುವ ಗಾಡಿಗೆ ಕೈಪುಸ್ತಕದಲ್ಲಿ ಬರೆದ ಅವಧಿಗೆ ಮುಂಚೆಯೇ ಬದಲಿಸುವುದು ಒಳ್ಳೆಯದು. ಪೆಟ್ಟಿಗೆಯ ಉಸಿರುನಳಿಗೆ ಧೂಳು ಮೆತ್ತಿಕೊಂಡರೆ ಒಳಗಿನ ಒತ್ತಡ ಸೀಲುಗಳ ಮೂಲಕ ಎಣ್ಣೆಯನ್ನು ಹೊರಗೆ ನೂಕುತ್ತದೆ, ಆ ಎಣ್ಣೆ ಕ್ಲಚ್ಚಿಗೂ ಸೇರಬಹುದು. ನಳಿಯನ್ನು ಬಟ್ಟೆಯಿಂದ ಒರೆಸಿ. ವಾಟರ್ ಸರ್ವಿಸಿನಲ್ಲಿ ಪಿಚಕಾರಿಯ ನೀರನ್ನು ಪೆಟ್ಟಿಗೆಯ ಮೇಲಿನ ವೈರ್ ಜೋಡಣೆಗೂ ಈ ನಳಿಗೂ ನೇರ ಹೊಡೆಯಲು ಬಿಡಬೇಡಿ.

ಹಿಂದಿನ ಆಕ್ಸಲ್ಲಿನ ಹೌಸಿಂಗಿಗೆ ಹಾಕುವ ಎಣ್ಣೆ ಉಳಿದಿದೆ ಎಂದು ಪೆಟ್ಟಿಗೆಗೆ ಸುರಿಯುವುದು ದೊಡ್ಡ ತಪ್ಪು. ಅದರಲ್ಲಿನ ಮಿಶ್ರಣ ಕಂಚಿನ ಸಿಂಕ್ರೊ ಬಳೆಗಳಿಗೆ ಒಗ್ಗದಿರಬಹುದು. ಕೈಪುಸ್ತಕದ ದರ್ಜೆಯನ್ನೇ ಹಾಕಿ, ಮಟ್ಟವನ್ನು ಸಮ ನೆಲದಲ್ಲಿ ಪಕ್ಕದ ಪ್ಲಗ್ ತೆಗೆದು ನೋಡಿ.

ಬಿರುಕು ಬಿಟ್ಟ ಬಾಡಿಗೆ ವೆಲ್ಡಿಂಗ್ ಮಾಡಿಸುವಾಗ ಬ್ಯಾಟರಿಯ ಎರಡೂ ವೈರು ಬಿಚ್ಚಿಸಿ, ವೆಲ್ಡಿಂಗಿನ ಅರ್ತ್ ಕ್ಲ್ಯಾಂಪನ್ನು ಬೆಸೆಯುವ ಜಾಗದ ಪಕ್ಕದಲ್ಲೇ ಹಾಕಿಸಿ. ಕರೆಂಟು ಚಾಸಿ ಸುತ್ತಿಕೊಂಡು ಪೆಟ್ಟಿಗೆಯ ಮೂಲಕ ಹಾದರೆ ಕಂಪ್ಯೂಟರೂ ಹೋಗುತ್ತದೆ, ಬೇರಿಂಗಿನ ಮೇಲೂ ಚುಕ್ಕೆ ಬೀಳುತ್ತದೆ.

ಗಾಡಿ ದಾರಿಯಲ್ಲಿ ನಿಂತರೆ ತಳ್ಳಿ ಹಚ್ಚುವ ಪ್ರಯತ್ನ ಬೇಡ, ಈ ಗಾಡಿ ಹಾಗೆ ಹತ್ತುವುದಿಲ್ಲ. ಎಳೆಸಿಕೊಂಡು ಹೋಗುವುದಾದರೆ ಪ್ರೊಪೆಲ್ಲರ್ ಶಾಫ್ಟನ್ನು ಹೌಸಿಂಗಿನ ಕಡೆ ಬಿಚ್ಚಿ ಮೇಲಕ್ಕೆ ಕಟ್ಟಿ, ಇಲ್ಲವೇ ಆಕ್ಸಲ್ ಶಾಫ್ಟುಗಳನ್ನು ಹೊರಗೆಳೆಯಿರಿ. ಎಂಜಿನ್ ನಿಂತಿರುವಾಗ ಪೆಟ್ಟಿಗೆಯ ಕೆಳಗಿನ ಶಾಫ್ಟೂ ಎಣ್ಣೆ ಪಂಪೂ ತಿರುಗುವುದಿಲ್ಲ, ಚಕ್ರದ ಕಡೆಯಿಂದ ಮೇಲಿನ ಶಾಫ್ಟು ಮಾತ್ರ ಒಣಗಿಯೇ ತಿರುಗುತ್ತಿರುತ್ತದೆ. ಸಂಡೂರಿನಿಂದ ಬಳ್ಳಾರಿ ಮುಟ್ಟುವಷ್ಟರಲ್ಲಿ ಬೇರಿಂಗ್ ಕಚ್ಚಿಕೊಳ್ಳಲು ಆ ದೂರ ಧಾರಾಳ ಸಾಕು. ಶಾಫ್ಟ್ ಬಿಚ್ಚಲು ಬೇಕಾದ ಅಳತೆಯ ಪಾನಾ, ಕಟ್ಟಲು ಗಟ್ಟಿ ತಂತಿ, ಬಿಚ್ಚಿದ ಬೋಲ್ಟು ಹಾಕಿಡಲು ಒಂದು ಚೀಲ ಕ್ಯಾಬಿನ್ನಿನಲ್ಲೇ ಇರಲಿ.